ಪಿಳ್ಳಪ್ಪನವರ ಕಾರಿಗೆ ಸಿಹಿನೀರೇ ಆಗಬೇಕು

ಹಳೇ ಕಾರೊಂದನ್ನು ಕೊಂಡ ಮೇಲೆ ತ್ಯಾಮಗೊಂಡ್ಲಿನ ಪಿಳ್ಳಪ್ಪನವರ ನಾಲಿಗೆ ಇಂಜಿನ್ನಿನ ಸೇವೆಗೆ ಮೀಸಲಾಯಿತು. ಬಾವಿನೀರು ಹಾಕಿದರೆ ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆಂದು ಯಾರೋ ಮೆಕ್ಯಾನಿಕ್ ಹೇಳಿದ್ದೇ ತಡ, ಅವರು ಊರಿನ ಬಾವಿಗಳನ್ನೆಲ್ಲ ಮುಕ್ಕಳಿಸಿ ಉಗಿದು ಒಂದೊಂದನ್ನೂ ಫೇಲು ಮಾಡಿದರು. ಮಳೆನೀರೊಂದೇ ಪಾಸಾಯಿತು. ಅದನ್ನು ಹಿಡಿದಿಡಲು ಮನೆಯ ಹಂಡೆ, ಕೊಳಗ, ಕಡೆಗೆ ಹೆಂಡತಿ ಲಕ್ಕಮ್ಮನವರ ರಾಗಿಹಿಟ್ಟಿನ ಗುಡಾಣವೂ ಹೊರಟವು. (ಮನೆಯವರು ಕುಡಿಯುತ್ತಿದ್ದುದು ಫೇಲಾದ ಬಾವಿಯದನ್ನೇ.)

ಶಿವರಾತ್ರಿ ಕಳೆದ ಮೇಲೆ, ಮಗಳಿಗೆ ನೋಡಿದ್ದ ಗಂಡಿನ ಮನೆಗೆಂದು ದಂಪತಿ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣಕ್ಕೆ ಹೊರಟರು. ಬಸ್ಸಿನಲ್ಲಿ ಹೋದರೆ ಬೀಗರು ಏನೆಂದುಕೊಂಡಾರು? ಕಾರೇ ಆಗಬೇಕು. ಊರು ಇನ್ನೊಂದು ಕೂಗಳತೆ ಇದೆ ಎನ್ನುವಾಗ ಕಾರು ಬುಸುಗುಟ್ಟಿ, ಆವಿ ಬಿಟ್ಟು ನಿಂತಿತು. ಇಂಜಿನ್ ಆರುವ ತನಕ ಕಾದು, ಡಿಕ್ಕಿಯಿಂದ ಮಳೆನೀರಿನ ಡಬ್ಬ ಎತ್ತಿದರೆ ಹೂವಿನ ಹಾಗೆ ಹಗುರ.

"ಲೇ, ನೀರೆಲ್ಲೇ?"

"ಬೇಳೆಗೆ ಹಾಕ್ದೆ. ಆ ಬಾವಿನೀರಲ್ಲಿ ಮಧ್ಯಾಹ್ನ ಆದ್ರೂ ಬೇಯಲ್ಲ. ಸಾರು ಚೆನ್ನಾಗೈತೆ ಅಂತ ಎರಡು ಸಲ ಹಾಕಿಸ್ಕೊಂಡ್ರಲ್ಲ."

"ಕಾರಿನ ನೀರು ಕಣೇ ಅದು."

"ಅದಕ್ಕೇ ರುಚಿಯಾಗಿತ್ತು."

ಪಕ್ಕದ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸೊಬ್ಬರು ಪಾಪವೆನಿಸಿ ತುಂಬಿದ ಬಿಂದಿಗೆ ತಂದಿಟ್ಟರು. ಪಿಳ್ಳಪ್ಪನವರು ಬೊಗಸೆಯಲ್ಲಿ ಹಿಡಿದು, ಬಾಯಲ್ಲಿ ಹೊರಳಿಸಿ, ರಸ್ತೆಗೆ ಉಗಿದರು.

"ಸವುಳು. ಕಬ್ಬಿಣಾನೇ ತಿಂದ್ಹಾಕ್ತದೆ. ಬ್ಯಾಡ ತಾಯಿ, ತಗೊಂಡ್ಹೋಗಿ."

ಆಕೆ ಬಿಂದಿಗೆ ಎತ್ತಿಕೊಂಡು ನಡೆದರು.

ದಂಪತಿ ಬೀಗರ ಮನೆಗೆ ನಡೆದೇ ತಲುಪಿದರು. ಗಂಡಿನ ತಂದೆ ದೊಡ್ಡಮುನಿಯಪ್ಪ ಜಗಲಿಯ ಮೇಲೆ ಚಾಪೆ ಹಾಸಿದರು. ಬೆಲ್ಲ, ನೀರು ಹಿಡಿದು ಒಳಗಿಂದ ಬಂದ ಅವರ ಹೆಂಡತಿ ಮುನಿಗಂಗಮ್ಮ ಬೇರೆ ಯಾರೂ ಅಲ್ಲ, ಬಿಂದಿಗೆಯ ಹೆಂಗಸೇ.

"ಇವ್ರಿಗೆ ನಮ್ಮ ನೀರು ಆಗಲ್ವಂತೆ" ಎಂದು ಆಕೆ ನಡೆದದ್ದನ್ನು ಗಂಡನಿಗೆ ಹೇಳಿದರು.

ದೊಡ್ಡಮುನಿಯಪ್ಪನವರ ಮುಖ ಬಿಗಿಯಿತು. "ಕಬ್ಬಿಣಕ್ಕೇ ಆಗ್ದಿರೋ ನೀರು ನಿಮ್ಮ ಮಗಳಿಗೆ ಹೆಂಗಪ್ಪಾ ಆಯ್ತದೆ? ಈ ಸಂಬಂಧ ಬ್ಯಾಡ ಬಿಡಿ."

ರೇಡಿಯೇಟರ್ ಶಾಸ್ತ್ರದಲ್ಲಿ ಪಾರಂಗತರಾದ ಪಿಳ್ಳಪ್ಪನವರು ಚಾಪೆಯ ಕಡ್ಡಿ ಕೀಳತೊಡಗಿದರು. ಲಕ್ಕಮ್ಮ ಚೊಂಬು ಇಸಿದುಕೊಂಡು ಅಷ್ಟೂ ನೀರನ್ನು ಗಟಗಟ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡರು. "ನಮ್ಮನೇಲಿ ಸಿಹಿನೀರು ಕಾರಿಗೆ, ಸವುಳು ನಮಗೆ ಕಣವ್ವಾ. ನನ್ನ ಮಗಳು ಅದ್ರಲ್ಲೇ ಬೆಳೆದೋಳು. ನಿಮ್ದು ಎಷ್ಟೋ ವಾಸಿ."

ಮುನಿಗಂಗಮ್ಮ ನಕ್ಕುಬಿಟ್ಟರು. ಸಂಬಂಧ ಗಟ್ಟಿಯಾಯಿತು, ಊಟವೂ ಆಯಿತು. ಹೊರಡುವಾಗ ಪಿಳ್ಳಪ್ಪನವರು, ಕಾರಿಗೆ ಬಾವಿನೀರಾದರೂ ಸರಿ, ಒಂದೆರಡು ಬಿಂದಿಗೆ ಕೊಟ್ಟರೆ ಎಂದು ಮೆಲ್ಲಗೆ ಗೊಣಗಿದರು.

ದೊಡ್ಡಮುನಿಯಪ್ಪ ಅವರ ಕೈ ಹಿಡಿದುಕೊಂಡರು. "ಎಲ್ಲಾದ್ರೂ ಉಂಟಾ ಬೀಗ್ರೇ? ಅಂಥಾ ಕಾರನ್ನ ನಾವು ಕೆಡಿಸ್ತೀವಾ? ತಳ್ಕೊಂಡು ಬಂದು ಕೊಟ್ಟಿಗೇಲಿ ನೆರಳಿಗೆ ನಿಲ್ಲಿಸಿರ್ತೀವಿ. ಮಳೆ ಬರ್ಲಿ, ನಮ್ಮ ಸೂರಿನ ನೀರು ಹಿಡಿದು ತುಂಬಿಸಿ ಕಳಿಸ್ತೀವಿ."

ಮಳೆಗೆ ಇನ್ನೂ ಇಡೀ ಬೇಸಿಗೆ ಬಾಕಿಯಿತ್ತು.

ಬಸ್ಸಿನಲ್ಲಿ ಲಕ್ಕಮ್ಮನವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಯಜಮಾನರು ಕಂಬಿ ಹಿಡಿದು ನಿಂತರು. ದೊಡ್ಡಬಳ್ಳಾಪುರ ಬರುವ ಮೊದಲೇ ಬಸ್ಸೂ ಕುದಿಯಿತು. ಕಂಡಕ್ಟರ್ ಇಳಿದುಹೋಗಿ, ರಸ್ತೆ ಪಕ್ಕದ ಕುಂಟೆಯಲ್ಲಿ ನಿಂತು ಹಸಿರುಗಟ್ಟಿದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ತಂದು ಸುರಿದು, "ರೈಟ್" ಎಂದ. ಬಸ್ಸು ಹೊರಟೇಬಿಟ್ಟಿತು. ಲಕ್ಕಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಪಿಳ್ಳಪ್ಪನವರು ಊರು ಬರುವ ತನಕ ಬಸ್ಸಿನ ಮೇಲಿನ ತಗಡನ್ನೇ ನೋಡುತ್ತ ನಿಂತಿದ್ದರು.