ಹೆಣ್ಣು ನೋಡಲು ಬಂದವರೂ ಮಾವನ ಕರಿ ಹರಳೂ

ಅವತ್ತು ಮಸ್ಕಿಯ ನಮ್ಮ ಪಡಸಾಲೆಯಲ್ಲಿದ್ದವರು ಇಷ್ಟೇ ಮಂದಿ: ತಂಗಿಯನ್ನು ನೋಡಲು ಮುದಗಲ್ಲಿನಿಂದ ಬಂದ ಹುಡುಗ, ಅವನ ತಾಯಿ, ನಮ್ಮವ್ವ, ನಾನು, ತಲೆ ತಗ್ಗಿಸಿ ಕೂತ ತಂಗಿ. ಇಷ್ಟಕ್ಕೇ ನಿಂತಿದ್ದರೆ ಸಂಬಂಧ ಸಲೀಸಾಗಿ ಕುದುರುತ್ತಿತ್ತು. ಆದರೆ ನಮಗೊಬ್ಬ ಸೋದರಮಾವ ಇದ್ದಾನಲ್ಲ! ಸಿಂಧನೂರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಬೇರೆಯವರ ಮಾವಂದಿರು ಇಂಥ ದಿನ ಹೂವು ಹಣ್ಣು ತರುತ್ತಾರೆ. ನಮ್ಮವನು ತಂದದ್ದು ಕೊರೆಯುವಷ್ಟು ತಣ್ಣಗಾದರೆ ಕರೆಂಟು ತಡೆಯೇ ಇಲ್ಲದೆ ಹರಿಯುವ ಅತಿವಾಹಕವೆಂದು ತಾನು ಹೊಗಳುವ ಕರಿ ಹರಳಿನ ಬಿಲ್ಲೆ, ಒಂದು ಅಯಸ್ಕಾಂತ, ಒಂದು ಹೊಗೆಯಾಡುವ ಕ್ಯಾನು!

ತಂಗಿಗೆ ಮಾತಾಡುವಾಗ ಉಗ್ಗು. "ಕೇಳಿದ್ದಕ್ಕ ತಲಿ ಆಡಸು, ಬಾಯಿ ತೆರಿಬ್ಯಾಡ" ಎಂದು ಅವ್ವ ವಾರದಿಂದ ತಾಲೀಮು ಕೊಟ್ಟಿದ್ದಳು.

ಹುಡುಗನ ತಾಯಿ ಚಹಾ ಕುಡಿಯುತ್ತ, "ಹುಡುಗಿಗೆ ಐಬು ಗೀಬು ಏನಿಲ್ಲಲ್ರಿ?" ಎಂದರು. ಅವ್ವ "ಏನೇನೂ ಇಲ್ರಿ" ಎನ್ನುವಷ್ಟರಲ್ಲಿ ಮಾವ, "ಐಬಿಲ್ಲದ್ದು ಏನ್ ಉಪಯೋಗರೀ?" ಎಂದು ಎದ್ದೇಬಿಟ್ಟ! ಇದು ಆಡುವ ಮಾತೇ?

ಉಪ್ಪಿಟ್ಟಿನ ಬೋಗುಣಿ ಖಾಲಿಯಾಯಿತು, ಅದರಲ್ಲಿ ಬಿಲ್ಲೆ ಕೂತಿತು. ಮೇಲೊಂದು ಬಿಸ್ಕೀಟು. ಅದೂ ಹುಡುಗನ ತಾಯಿಯ ತಟ್ಟೆಯಿಂದ ಎತ್ತಿದ್ದು! ಬಿಸ್ಕೀಟಿನ ಮೇಲೆ ಅಯಸ್ಕಾಂತ. ಕ್ಯಾನಿನಿಂದ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗಿನ ದ್ರವ ಸಾರಜನಕ ಸುರಿದದ್ದೇ ತಡ, ಪಡಸಾಲೆ ತುಂಬ ಬಿಳಿ ಮಂಜು.

"ಇದನ್ನ ಎಲ್ಲಿಂದ ತಂದ್ರೀ?" ಹುಡುಗನ ತಾಯಿ ಕೇಳಿದರು.

"ದನದ ದವಾಖಾನಿಯಿಂದ್ರೀ. ಹೋರಿ ಬೀಜ ಕೆಡಬಾರ್ದಂತ ಇದರಾಗ ಇಡ್ತಾರ."

ಆಕೆ ಚಹಾದ ಕಪ್ಪು ಕೆಳಗಿಟ್ಟರು.

ಬಿಲ್ಲೆ ತಣ್ಣಗಾದ ಮೇಲೆ ಮಾವ ನಡುವಿನ ಬಿಸ್ಕೀಟು ಎಳೆದ. ಅಯಸ್ಕಾಂತ ಗಾಳಿಯಲ್ಲೇ ನಿಂತಿತು! ಬೆರಳಿನಿಂದ ತಳ್ಳಿದರೂ ಜಾರಲಿಲ್ಲ. "ನೋಡ್ರೀ, ಹರಳು ತೀರಾ ಚೊಕ್ಕ ಇದ್ರ ಕಾಂತ ಜಾರಿ ಹೋಗ್ತದ. ಇದರೊಳಗ ಸಣ್ಣ ಸಣ್ಣ ಐಬು ಅದಾವ. ಕಾಂತದಿಂದ ಹೊರಡೋ ಬಲದ ಗೆರಿ ಅಲ್ಲಿ ಸಿಗಾಕ್ಕೊಂಡು ನಿಂತಾವ!"

"ಮಾ... ಮಾ... ಮಾವಾ, ಕಾಂತ ಎತ್ತು! ಬಿಲ್ಲಿ ಕೆಳಗ ಜೋ... ಜೋತು ಬೀಳ್ತದ!"

ಬಾಯಿ ತೆರೆದವಳು ತಂಗಿ; ಮಾವನ ಈ ಆಟ ಅವಳು ಎಷ್ಟೋ ಸಲ ನೋಡಿದ್ದಳು. ಅವ್ವನ ಮುಖ ಬಿಳುಚಿತು. ಮಾವ ಎತ್ತಿದ, ಯಾವ ದಾರವೂ ಇಲ್ಲದೆ ಬಿಲ್ಲೆ ಅಯಸ್ಕಾಂತದ ಕೆಳಗೆ ಜೋತಾಡಿತು. ಯಾರಿಗೆ ಬೇಕಿತ್ತು?

"ಮನ್ಯಾಗ ಕೇಳಿ ಹೇಳ್ತೀವ್ರಿ" ಎಂದು ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು.

ಅವರು ಹೋದದ್ದೇ ನಾನು ಚೀರಿದೆ: "ಮಾವಾ, ನಿಂಗ ಬುದ್ಧಿ ಐತೇನು? ಅಕಿ ಬಾಳೇವು ನಿನಗ ತಮಾಷಿ ಆಗೈತೇನು?"

ಮಾವ ಬಿಲ್ಲೆಗಂಟಿದ ನೀರನ್ನು ಧೋತರದ ಚುಂಗಿನಿಂದ ಒರೆಸುತ್ತ ಕೂತ. "ಅಕಿ ಎಷ್ಟ್ ಚಂದ ಹೇಳಿದ್ಳಲ್ಲ" ಎಂದ ಕೊನೆಗೆ. ನನ್ನ ಸಿಟ್ಟು ಇನ್ನೂ ಏರಿತು!

ಮುಂದಿನ ವಾರ ಹುಡುಗ ಒಬ್ಬನೇ ಬಂದ. ಕೈಯಲ್ಲಿ ಬಿಸ್ಕೀಟಿನ ಪೊಟ್ಟಣ. "ಆ ಹರಳಿಂದು ಇನ್ನೊಮ್ಮೆ ಹೇಳ್ತೀರೇನ್ರಿ?" ಎಂದು ತಂಗಿಯನ್ನು ಕೇಳಿದ. ಅವಳು ತಡೆದು ತಡೆದು ಹೇಳತೊಡಗಿದಳು. ಮನೆಮುಂದೆ ಅವನು ಊರಿಗೆ ಮರಳಲು ಹಿಡಿಯಬೇಕಿದ್ದ ಲಿಂಗಸುಗೂರಿನ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವನು ಕೂತೇ ಇದ್ದ.