ಬಸವ ಒಲ್ಲದ ವೈನು

ಈ ಸಲದ ಮಾಟ್ಟು ಪೊಂಗಲ್, ಅಂದರೆ ದನಗಳ ಹಬ್ಬದ ಊಟಕ್ಕೆ ವೈನು ಆರಿಸುವವನು ನಾನೇ ಎಂದು ಹೆಂಡತಿಯೆದುರು ಶಪಥ ಮಾಡಿಬಿಟ್ಟೆ! ತಲೆಮಾರುಗಳಿಂದ ಓಡೈಪಟ್ಟಿಯಲ್ಲಿ ದ್ರಾಕ್ಷಿ ಬೆಳೆದ ಮನೆತನ ನಮ್ಮದು. ನನ್ನ ನರಗಳಲ್ಲಿ ಹರಿಯುವುದೇ ದ್ರಾಕ್ಷಾರಸ. ಭಾವನಾದ ಇಂಥ ನನ್ನನ್ನು ಹೋದ ವರ್ಷ ತಂಗಿಯ ಗಂಡ ಸುಂದರ್ ಚುಚ್ಚಿದ್ದ: "ಚಿನ್ನತಂಬಿ ಮಚ್ಚಾನ್‌ಗೆ ಬಳ್ಳಿ ಗೊತ್ತು, ಬಾಟ್ಲಿ ಗೊತ್ತಿಲ್ಲ." ದಿಂಡಿಗಲ್‌ನಲ್ಲಿ ಹೋಟೆಲ್ ಇಟ್ಟ ಮಾತ್ರಕ್ಕೆ ಇಷ್ಟು ಸೊಕ್ಕೇ?

ಮೊಬೈಲ್ ಹಿಡಿದು ತಪಸ್ಸಿಗೆ ಕೂತೆ. ಸಿಹಿಯೂಟಕ್ಕೆ ಪೋರ್ಟ್ ವೈನೇ ತಕ್ಕದ್ದು; ರಸ ಹುಳಿಯುತ್ತಿರುವಾಗಲೇ ಬ್ರಾಂದಿ ಸುರಿದು ಅದರ ಸಿಹಿಯನ್ನು ಕಟ್ಟಿಹಾಕುತ್ತಾರಂತೆ. ಚಿನ್ನಮನೂರಿನ ಮದ್ಯದಂಗಡಿಯ ಕಂಬಿಗೆ ಮುಖ ಒತ್ತಿ, ಇದು ಯಾವ ವರ್ಷದ ಫಸಲು ಎಂದು ಗಂಭೀರವಾಗಿ ವಿಚಾರಿಸಿದೆ. ಹಿಂದಿನ ಸಾಲು ನನ್ನ ಕುಲವನ್ನೆಲ್ಲ ತಮಿಳಿನಲ್ಲಿ ಸ್ಮರಿಸಿತು.

ಬಾಟ್ಲಿ ಕಂಡರೆ ಅವ್ವ ಪೊನ್ನಮ್ಮಾಳ್ ಹೊಸಿಲು ದಾಟಗೊಡುವವಳಲ್ಲ. ಹಾಗಾಗಿ ವೈನನ್ನು ಹಿತ್ತಾಳೆ ಚೊಂಬಿಗೆ ಸುರಿದು ಕೊಟ್ಟಿಗೆಯ ಹುಲ್ಲಿನ ತಂಪಿನಲ್ಲಿ ಬಚ್ಚಿಟ್ಟೆ.

"ಹಬ್ಬದ ದಿನ ಕೊಟ್ಟಿಗೇಲಿ ಇಟ್ಟಿದ್ದು ಮನುಸರಿಗೆ ದಕ್ತದಾ?" ಎಂದಳು ಹೆಂಡತಿ ಜೆಯಂತಿ.

ದೊಡ್ಡವರು ವೈನನ್ನು ಇಡುವುದೇ ತಂಪು ಕತ್ತಲಲ್ಲಿ ಎಂದು ಅವಳಿಗೆ ಪಾಠ ಹೇಳಿದೆ.

ಹಬ್ಬದ ದಿನ ನಮ್ಮ ಮನೆಯಲ್ಲಿ ಮೊದಲ ಪಾಲು ಎತ್ತಿನದು, ಅಂದರೆ ನಮ್ಮ ಬಸವನದು. ಹುಲ್ಲಿನಲ್ಲಿ ಚೊಂಬು ಕಂಡ ಅವ್ವ, ಸೊಸೆ ಕಲಸಿಟ್ಟ ಬೆಲ್ಲದ ಪಾನಕವೆಂದು ತಿಳಿದು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಬಸವನ ಮೂತಿಗೆ ಹಿಡಿದಳು. ಬಸವ ಮೂಸಿದ. ಕಣ್ಣು ಕಿರಿದು ಮಾಡಿದ. ಮುಖ ತಿರುಗಿಸಿದ. ನನ್ನ ವೈನಿಗೆ ಸಿಕ್ಕ ಮೊದಲ ವಿಮರ್ಶೆ!

ಬಸವನಿಗೆ ಹಿಡಿದದ್ದನ್ನು ಚೆಲ್ಲುವಂತಿಲ್ಲ, ಅದು ತೀರ್ಥ. ನಾನು ತೋಟದಿಂದ ಬರುವಷ್ಟರಲ್ಲಿ ಅವ್ವ ಮತ್ತು ಸೋದರತ್ತೆ ಪಾಂಡಿಯಮ್ಮಾಳ್ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಭಕ್ತಿಯಿಂದ ಚೊಂಬಿನ ತಳ ಕಾಣಿಸಿದ್ದರು. ಇಬ್ಬರ ಕೆನ್ನೆಯೂ ಕೆಂಪೇರಿದ ಪನ್ನೀರು ದ್ರಾಕ್ಷಿ!

"ಸುಂಟಿ ತುಸು ಜಾಸ್ತಿ ಆಗೈತೆ," ಎಂದಳು ಅತ್ತೆ.

"ಸುಂಟಿ ಒಳ್ಳೇದು ಕಣೆ," ಎಂದಳು ಅವ್ವ.

ಆಗಲೇ ಸುಂದರ್ ಬಂದ. ನಾನು ತೊಳೆದಿಟ್ಟ ಗಾಜಿನ ಲೋಟಗಳನ್ನು ನೋಡಿ, ವೈನೆಲ್ಲಿ ಎಂದು ಕಣ್ಣಲ್ಲೇ ಕೇಳಿದ. ಅವ್ವ ಉಳಿದ ತೊಟ್ಟನ್ನು ಉದ್ಧರಣೆಯಲ್ಲಿ ಅವನ ಅಂಗೈಗೆ ಬಿಟ್ಟಳು. ಅವನು ಹೀರಿದ. ಹುಬ್ಬು ಮೇಲೇರಿತು. ಅವ್ವ ನೋಡುತ್ತಿದ್ದಾಳಲ್ಲ, ಒದ್ದೆ ಕೈಯನ್ನು ಬೋಳುತಲೆಗೆ ಒರೆಸಿಕೊಂಡ. ತಲೆ ಘಮಘಮಿಸಿತು.

"ಬಾಳ ಚೆನ್ನಾಗೈತೆ ಅತ್ತೆ," ಎಂದ. "ಯಾರ ಕೈದು?"

ವರ್ಷವಿಡೀ ನಾನು ಕಾದಿದ್ದ ಪ್ರಶ್ನೆ! ಎದೆಯುಬ್ಬಿಸಿ ಬಾಯಿ ತೆರೆದೆ. ಅವ್ವನ ಮುಖ ನೋಡಿದೆ. ಬಾಯಿ ಮುಚ್ಚಿದೆ.

"ನಮ್ ಜೆಯಂತಿದು," ಎಂದಳು ಅವ್ವ. ಜೆಯಂತಿ ನಾಚಿ, ತಲೆತಗ್ಗಿಸಿ ಹೊಗಳಿಕೆಯನ್ನು ಸೆರಗಿಗೆ ಹಾಕಿಕೊಂಡಳು.

ಅವ್ವ ನನ್ನ ಬೆನ್ನು ಸವರಿದಳು. "ಈ ಚಿನ್ನತಂಬಿಗೆ ಬಳ್ಳಿ ಬಿಟ್ರೆ ಏನಪ್ಪಾ ಗೊತ್ತು?"