ಒಳ್ಳೆಯ ಅಪ್ಪನಾಗಲು ಪ್ರವೇಶ ಪರೀಕ್ಷೆ

2026ರ ಮಾರ್ಚ್ 28, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತನ್ನ ಎಡಗಾಲಿನ ಚಪ್ಪಲಿಯನ್ನು ಅಪ್ಪ ಮನೆಗೆ ತಂದಿಟ್ಟಿದ್ದ ತಕ್ಕಡಿಯ ಮೇಲಿಟ್ಟು ತೂಗಿದಳು. ಮಾಮೂಲಿ ತಕ್ಕಡಿಯಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಇದು ಗಾಜಿನ ಪೆಟ್ಟಿಗೆಯೊಳಗೆ ಕೂತು ಕೂದಲೆಳೆಯ ತೂಕ ಹೇಳುವಂಥದ್ದು. ಅಂಥವುಗಳನ್ನು ಪರೀಕ್ಷಿಸಿ ಮೊಹರು ಹಾಕುವುದೇ ಅಪ್ಪನ ಉದ್ಯೋಗ. ಪ್ರಯೋಗಾಲಯದಲ್ಲಿ ಅವನಿಗೆ ಮಿಲಿಗ್ರಾಂ ಎಂದೇ ಹೆಸರು.

ಮಿಲಿಗ್ರಾಂ ಕೂಗಿದ ಕೂಗಿಗೆ ಬೀದಿಯಲ್ಲಿ ಮುಚ್ಚಿದ್ದ ಕಿಟಕಿಗಳು ತೆರೆದವು, ತೆರೆದಿದ್ದವು ಇನ್ನಷ್ಟು ತೆರೆದವು.

ಹೆಂಡತಿ ಹಲ್ಲಿನ ಡಾಕ್ಟರು. ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು. "ಬಾಯಿ ತೆರೆಸೋದು ನನ್ನ ಕಸುಬು, ಮುಚ್ಚಿಸೋದು ನನಗೆ ಬರಲ್ಲ. ಮಕ್ಕಳನ್ನ ಹೇಗೆ ಬೆಳೆಸಬೇಕು ಅಂತ ಕಲಿಸೋ ಕೋರ್ಸುಗಳಿವೆಯಲ್ಲ, ಸಂಜೆ ಆರರೊಳಗೆ ಯಾವುದಾದರೂ ಒಂದಕ್ಕೆ ಸೇರ್ಕೊಳ್ಳಿ. ಇಲ್ಲಾಂದ್ರೆ ರಜಾ ಮುಗಿಯೋವರೆಗೂ ಮಗಳನ್ನ ಕರ್ಕೊಂಡು ಅಕ್ಕನ ಮನೇಲಿರ್ತೀನಿ."

"ನಾನು ರೆಡಿ," ಎಂದಳು ಮಗಳು.

ಅದು ಮಿಲಿಗ್ರಾಂಗೆ ನಾಟಿತು. ಎರಡು ತಿಂಗಳು ರಜೆ! ಕೂಗಾಡುವುದಕ್ಕೂ ಮುದ್ದು ಮಾಡುವುದಕ್ಕೂ ಅವನಿಗಿದ್ದದ್ದು ಅವಳೊಬ್ಬಳೇ.

ಆದರೆ ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಮಗಳ ಕೈಹಿಡಿದು ಮೆಟ್ಟಿಲಿಳಿಯುವಷ್ಟರಲ್ಲಿ ಮೇಲ್ಮನೆಯ ನಿವೃತ್ತ ಜೈಲರು ಅಡ್ಡ ಬಂದರು.

"ತಮ್ಮಾ, ನಾನು ಹೇಳೋ ಶಿಸ್ತಿನ ಕೋರ್ಸಿಗೆ ಸೇರು. ನನ್ನ ಅನುಭವ ನೋಡು. ಸಾವಿರಾರು ಜನರನ್ನ ಸಾಕಿದೀನಿ. ಒಬ್ಬನಾದರೂ ಹೇಳದೆ ಮನೆ ಬಿಟ್ಟು ಹೋಗಿದ್ದುಂಟಾ?"

"ಅಯ್ಯೋ ಬಿಡಣ್ಣಾ, ಇವರ ಮಾತು ಕೇಳಿದ್ರೆ ಮಗು ಕಂಬಿ ಎಣಿಸ್ತಾ ಬೆಳೆಯುತ್ತೆ!" ಕೆಳಮನೆಯ ಬ್ಯೂಟಿ ಪಾರ್ಲರಿನವಳು ಕತ್ತರಿ ಹಿಡಿದೇ ಹೊರಬಂದಳು. "ನನ್ನ ಗಿರಾಕಿಯೊಬ್ಬರು ಪ್ರೀತಿಯ ಕೋರ್ಸ್ ನಡೆಸ್ತಾರೆ. ಅಲ್ಲಿ 'ಬೇಡ' ಅನ್ನೋ ಪದಾನೇ ಇಲ್ಲ."

"ಮಗು ಒಲೆಗೆ ಕೈ ಹಾಕಿದ್ರೆ?" ಎಂದ ಮಿಲಿಗ್ರಾಂ.

"'ಆಮೇಲೆ ಹಾಕು ಕಂದಾ' ಅನ್ಬೇಕು."

ಇಬ್ಬರೂ ಮಿಲಿಗ್ರಾಂನ ಪುಟ್ಟ ಕಾರಿಗೆ ತಾವಾಗಿಯೇ ಹತ್ತಿ ಕೂತರು. ಕರೆಯದೆ ಬಂದವರನ್ನು ಇಳಿಸುವ ವಿದ್ಯೆಯನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಶಿಸ್ತಿನ ಕೋರ್ಸು ಸೈಕಲ್ ಅಂಗಡಿಯ ಮಹಡಿಯಲ್ಲಿತ್ತು. ಊದುವ ಸೀಟಿಯೊಂದಕ್ಕೆ ಕೈಕಾಲು ಮೂಡಿದಂತಿದ್ದ ಗುರುಗಳು ಪೀಂ ಎಂದರೆ ಮೂವತ್ತು ಜನ ಅಪ್ಪಂದಿರು ಏಳುತ್ತಿದ್ದರು, ಪೀಂ ಪೀಂ ಎಂದರೆ ಕೂರುತ್ತಿದ್ದರು.

"ತಮಗೆ ಮಕ್ಕಳೆಷ್ಟು ಸಾರ್?" ಎಂದು ಮಿಲಿಗ್ರಾಂ ಕೇಳಿದ.

"ನನಗೆ ಮದುವೇನೇ ಆಗಿಲ್ಲ. ಅದಕ್ಕೇ ಈ ವಿಷಯದಲ್ಲಿ ನನ್ನ ತಲೆ ಇಷ್ಟು ತಿಳಿಯಾಗಿರೋದು."

ಮೂವತ್ತು ಜನವೂ ಚಪ್ಪಾಳೆ ತಟ್ಟಿದರು. ಮಿಲಿಗ್ರಾಂ ಮಗಳನ್ನೆಳೆದುಕೊಂಡು ಇಳಿದ.

ಪ್ರೀತಿಯ ಕೋರ್ಸಿನಲ್ಲಿ ಮೆತ್ತನೆಯ ಜಮಖಾನ, ಅದಕ್ಕಿಂತ ಮೆತ್ತನೆಯ ಗುರುಮಾತೆ. ಬೆಳೆದ ಗಂಡಸರು ದಿಂಬುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕ್ಷಮೆ ಕೇಳುತ್ತಿದ್ದರು.

"ನಿಮ್ಮ ಪದ್ಧತಿಯಲ್ಲಿ ಎಷ್ಟರ ಮಟ್ಟಿಗೆ ತಪ್ಪಾಗಬಹುದು, ಮೇಡಂ? ನೂರಕ್ಕೆ ಎಷ್ಟು?"

"ಪ್ರೀತಿಗೆ ಅಳತೆಯಿಲ್ಲ ಕಂದಾ."

"ಅಳತೆಯಿಲ್ಲ ಅಂದ್ಮೇಲೆ ಹೆಚ್ಚಾಯ್ತೋ ಕಡಿಮೆಯಾಯ್ತೋ ಹೇಗೆ ಗೊತ್ತಾಗುತ್ತೆ?"

ಅದನ್ನೇ ಮತ್ತೆ ಮತ್ತೆ ಕೇಳಿದಾಗ ಗುರುಮಾತೆ ಎರಡು ಸಲ ನಕ್ಕರು. ಮೂರನೆಯ ಸಲ ಅವರ ದಿಂಬು ಮಿಲಿಗ್ರಾಂನ ಮೂಗಿಗೆ ಬಡಿಯಿತು. "ತೊಲಗಾಚೆ!" ಎಂಬ ಪದ ಆ ಕೋರ್ಸಿನಲ್ಲಿ ಇತ್ತೆಂದು ಎಲ್ಲರಿಗೂ ತಿಳಿಯಿತು.

ಆಗಲೇ ಐದು ಗಂಟೆ. ಉಳಿದದ್ದು ವೈಜ್ಞಾನಿಕ ಪೋಷಕರ ಕೇಂದ್ರವೊಂದೇ. ಸೇರಬೇಕಾದರೆ ಪ್ರವೇಶ ಪರೀಕ್ಷೆ ಪಾಸಾಗಬೇಕು ಎಂದು ಕೇಳಿ ಮಿಲಿಗ್ರಾಂ ಹಿಗ್ಗಿದ. ಕೊನೆಗೂ ಅಳೆದು ತೂಗುವವರು ಸಿಕ್ಕರು! ಸಣ್ಣ ಕನ್ನಡಕದ ಪರೀಕ್ಷಕಿ, "ಒಂದೇ ಸೀಟು ಖಾಲಿಯಿದೆ. ಹೊರಗೆ ಕೂತಿರಿ," ಎಂದು ಗಾಜಿನ ಗೋಡೆಯ ಆಚೆ ಹೋದರು.

"ಶಿಸ್ತಿನದಕ್ಕೇ ಸೇರಿದ್ರೆ ಈ ಗೋಳಿರ್ತಿತ್ತಾ?" ಜೈಲರು ಗೊಣಗಿದರು.

"ನಿಮ್ಮ ಸೀಟಿ ನಿಮ್ಮ ಹತ್ರಾನೇ ಇಟ್ಕೊಳ್ಳಿ!" ಪಾರ್ಲರಿನವಳು ಎದ್ದಳು.

"ಇಬ್ಬರೂ ನನ್ನ ದಿನ ಹಾಳು ಮಾಡಿದ್ರಿ!" ಮಿಲಿಗ್ರಾಂ ಇಬ್ಬರಿಗಿಂತ ಜೋರಾಗಿ ಅರಚಿದ. ನೀರಿನ ಜಗ್ಗು ಉರುಳಿತು. ಜೈಲರ ಕೈ ಪಾರ್ಲರಿನವಳ ಚೀಲಕ್ಕೆ, ಅವಳ ಕೈ ಅವರ ಟೋಪಿಗೆ ಹೋಯಿತು.

ಮಗಳು ಎದ್ದುಬಂದು ನಡುವೆ ನಿಂತಳು. ದನಿ ಏರಿಸಲಿಲ್ಲ. "ತಾತಾ, ಟೋಪಿ ತಗೊಂಡು ಕಿಟಕಿ ಹತ್ರ ಕೂತ್ಕೊಳ್ಳಿ. ಆಂಟಿ, ನೀವು ಇಲ್ಲಿ. ಅಪ್ಪಾ, ಬಟ್ಟೆ ತಂದು ನೀರು ಒರೆಸು. ಆಮೇಲೆ ಒಬ್ಬೊಬ್ಬರಾಗಿ ಹೇಳಿ, ಕೇಳ್ತೀನಿ."

ಮೂವರೂ ಹೇಳಿದಂತೆ ಮಾಡಿದರು. ಏಕೆ ಮಾಡಿದರೆಂದು ಅವರಿಗೇ ತಿಳಿಯಲಿಲ್ಲ.

ಗಾಜಿನ ಬಾಗಿಲು ತೆರೆಯಿತು. "ಪರೀಕ್ಷೆ ಮುಗೀತು. ಪಾಸು," ಎಂದರು ಪರೀಕ್ಷಕಿ. ಒದ್ದೆ ಬಟ್ಟೆ ಹಿಡಿದಿದ್ದ ಮಿಲಿಗ್ರಾಂ ಎದೆಯುಬ್ಬಿಸಿದ.

"ನೀವಲ್ಲ ಸ್ವಾಮಿ, ಇವರು."

"ಅವಳಿಗೆ ಹನ್ನೊಂದು ವರ್ಷ!"

"ನಮ್ಮಲ್ಲಿ ವಯಸ್ಸಿನ ನಿಯಮ ಇಲ್ಲ. ಮನೇಲಿ ಹಠಮಾರಿ ಒಬ್ಬರಿರಬೇಕು, ಅವರನ್ನ ಸಂಭಾಳಿಸೋ ತಾಳ್ಮೆ ಇರಬೇಕು, ಅಷ್ಟೆ." ಇದ್ದ ಒಂದೇ ಸೀಟು ಮಗಳ ಪಾಲಾಯಿತು. ಮೊದಲ ಪಾಠವನ್ನೂ ಅಲ್ಲೇ ಕೊಟ್ಟು ಕಳಿಸಿದರು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ತುಂಬಿಟ್ಟಿದ್ದ ಪೆಟ್ಟಿಗೆಯಿಂದ ಮಗಳ ಬಟ್ಟೆಗಳನ್ನು ಹೊರತೆಗೆದಳು. ಮಿಲಿಗ್ರಾಂನ ಮುಖ ಅರಳಿತು.

"ಸದ್ಯ, ಇಬ್ಬರೂ ಉಳೀತೀರಲ್ಲ!"

"ಇವಳು ಉಳೀತಾಳೆ. ನಾನು ಹೋಗ್ತೀನಿ. ನಿಮ್ಮನ್ನ ಯಾರು ನೋಡ್ಕೊಳ್ತಾರೆ ಅನ್ನೋದೊಂದೇ ಚಿಂತೆ ಇತ್ತು, ಈಗ ನಿಶ್ಚಿಂತೆ."

"ಇದೇನು ಮನೇನೋ ಸಂತೇನೋ!" ಮಿಲಿಗ್ರಾಂ ಕಿರುಚಿದ. ಕಿಟಕಿಗಳು ಮತ್ತೆ ತೆರೆದವು.

ಮಗಳು ಮೂಲೆಯ ಸ್ಟೂಲಿನ ಕಡೆ ಬೆರಳು ತೋರಿಸಿದಳು.

"ಎಷ್ಟು ಹೊತ್ತಮ್ಮಾ?" ಮಿಲಿಗ್ರಾಂನ ದನಿ ಇಳಿಯಿತು.

"ಎಷ್ಟು ವಯಸ್ಸೋ ಅಷ್ಟು ನಿಮಿಷ. ವರ್ಷಕ್ಕೊಂದು. ಮೊದಲನೇ ಪಾಠ."

ಮಿಲಿಗ್ರಾಂ ಗೋಡೆಗೆ ಮುಖ ಮಾಡಿ ಕೂತ. ನಲವತ್ಮೂರು ನಿಮಿಷ.